ಎತ್ತಿನ ಗಾಡಿ ಹತ್ತಿದವರು

ನಮ್ಮ ಸೀಮೆಯಲ್ಲಿ ಎತ್ತಿನ ಗಾಡಿ ಹತ್ತಿದವನನ್ನು ಯಾರೂ ನಿಂತು ನೋಡುವುದಿಲ್ಲ. ಹೊಲಕ್ಕೆ ಹೊರಟನೋ ಜಾತ್ರೆಗೆ ಹೊರಟನೋ ಎಂದು ಒಂದು ಮಾತು ಕೇಳಿ ತಮ್ಮ ದಾರಿ ಹಿಡಿಯುತ್ತಾರೆ. ಅದೇ ಗಾಡಿಯನ್ನು ದಿಲ್ಲಿಯಲ್ಲಿ ಹತ್ತಿದರೆ ಚರಿತ್ರೆಯಾಗುತ್ತದೆ. 1973ರ ನವೆಂಬರ್ 12ರಂದು ಜನಸಂಘದ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಕುಳಿತು ಸಂಸತ್ ಭವನಕ್ಕೆ ಬಂದರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಅರಬ್ ದೇಶಗಳು ಎಣ್ಣೆಯ ಪೂರೈಕೆಯನ್ನು ಬಿಗಿಹಿಡಿದಿದ್ದವು. ಸುಮಾರು 3 ಡಾಲರಿಗೆ ಸಿಗುತ್ತಿದ್ದ ಒಂದು ಪೀಪಾಯಿ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ನಮ್ಮ ಸರಕಾರ ಪೆಟ್ರೋಲಿನ ಬೆಲೆ ಏರಿಸಿತು. ಜನ ಪೆಟ್ರೋಲು ಉಳಿಸಲಿ ಎಂದು ಪ್ರಧಾನಿ ಇಂದಿರಾ ಗಾಂಧಿಯವರು ಕುದುರೆ ಸಾರೋಟಿನಲ್ಲಿ ಓಡಾಡಿ ತೋರಿಸುತ್ತಿದ್ದ ದಿನಗಳವು. ಆಳುವವರು ಕುದುರೆ ಹೂಡಿದರು, ವಿರೋಧಿಸುವವರು ಎತ್ತು ಹೂಡಿದರು.

ನಲವತ್ತೆಂಟು ವರ್ಷಗಳ ಮೇಲೆ, 2021ರ ಸೆಪ್ಟೆಂಬರ್ 13ರಂದು, ಬೆಂಗಳೂರಿನಲ್ಲಿ ಅದೇ ದೃಶ್ಯ ಮರುಕಳಿಸಿತು. ವಿಧಾನಮಂಡಲದ ಅಧಿವೇಶನದ ಮೊದಲ ದಿನ ಕಾಂಗ್ರೆಸ್ಸಿನ ಸಿದ್ದರಾಮಯ್ಯನವರೂ ಡಿ. ಕೆ. ಶಿವಕುಮಾರರೂ ಎತ್ತಿನ ಗಾಡಿಯಲ್ಲಿ ವಿಧಾನಸೌಧಕ್ಕೆ ಬಂದರು. ವಾರ ಕಳೆದು ಟಾಂಗಾದಲ್ಲಿಯೂ ಬಂದರು. ಕಾರಣ ಅದೇ ಪೆಟ್ರೋಲು, ಡೀಸೆಲ್ಲು ಮತ್ತು ಅಡುಗೆ ಅನಿಲದ ಬೆಲೆ.

ನಾನು ಸಮಾಜ ವಿಜ್ಞಾನ ಕಲಿಸುವವಳು. ಹತ್ತನೆಯ ತರಗತಿಯಲ್ಲಿ ಈ ಎರಡೂ ಪ್ರಸಂಗ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಅಕ್ಕೋರ, ಇವ್ರು ತಿರುಗಿ ಮನಿಗಿ ಹೋಗೂ ಮುಂದ ಯಾತರಾಗ ಹೋಗ್ಯಾರ್ರೀ?” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗೆಯದಾಗಿರಲಿಲ್ಲ. ಗಾಡಿ ಹತ್ತಿ ಬಂದ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗಿವೆ. ಮರಳಿ ಹೋದದ್ದನ್ನು ಯಾರೂ ಅಷ್ಟು ಶ್ರದ್ಧೆಯಿಂದ ಬರೆದಿಟ್ಟಿಲ್ಲ. ಎಣ್ಣೆಯ ಬೆಲೆ ಏರಿದರೆ ಬಡವನಿಗೆ ಏನಾಗುತ್ತದೆಂದು ಪುಢಾರಿಗಳಿಗೆ ತಿಳಿಯುತ್ತದೆಯೇ ಎಂಬ ಮಾತನ್ನು ನಮ್ಮಲ್ಲಿ ಕಟ್ಟೆಗೆ ಕೂತವರೆಲ್ಲ ಆಡುತ್ತಾರೆ. “ಅವ್ರಿಗೇನ್ ಗೊತ್ತಾಗ್ತದ ಬಿಡ್ರಿ” ಎಂದು ಕೈ ಝಾಡಿಸುತ್ತಾರೆ. ಗೊತ್ತಾಗುತ್ತದೆಯೋ ಇಲ್ಲವೋ ಎಂಬುದನ್ನು ಗಾಡಿ ಹತ್ತಿದ ದಿನದಿಂದ ಅಳೆಯಲಾಗದು. ಇಳಿದ ಮೇಲಿನ ದಿನಗಳನ್ನು ನೋಡಬೇಕು.

ಅದಕ್ಕೂ ಮೊದಲು ನಮ್ಮ ಊರುಗಳ ಸ್ಥಿತಿ ಹೇಳಬೇಕು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಉಳಿದದ್ದು ಐದು ತಾಲ್ಲೂಕು. ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈಚೆಗೆ ಇವುಗಳ ಒಡಲಿನಿಂದ ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿಯಂಥ ಹೊಸ ತಾಲ್ಲೂಕುಗಳು ಹುಟ್ಟಿವೆ. ಈ ನಾಲ್ಕು ಪಟ್ಟಣಗಳಿಗೆ ಸಮಾನವಾದ ಒಂದು ಸಂಗತಿಯಿದೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿಯ ಹೆಸರಿನ ನಿಲ್ದಾಣ ‘ಇಂಡಿ ರೋಡ್’, ಬಾಗೇವಾಡಿಯ ಹೆಸರಿನದು ‘ಬಸವನ ಬಾಗೇವಾಡಿ ರೋಡ್’. ಹೆಸರಿನಲ್ಲಿ ‘ರೋಡ್’ ಎಂದಿದ್ದರೆ ಊರು ಅಲ್ಲಿಲ್ಲ, ಇನ್ನೂ ದಾರಿ ನಡೆಯಬೇಕು ಎಂದರ್ಥ. ಸೊಲ್ಲಾಪುರದ ಕಡೆಯಿಂದ ಗದಗಿಗೆ ಹಳಿ ಹಾಕಿದವರು ಬ್ರಿಟಿಷರ ಕಾಲದಲ್ಲಿ ನಮ್ಮ ಪಟ್ಟಣಗಳನ್ನು ಬದಿಗಿಟ್ಟು ಹೋದರು. ಹೀಗಾಗಿ ನಮ್ಮಲ್ಲಿಗೆ ಬರುವ ಉಪ್ಪಿನಿಂದ ಹಿಡಿದು ಇಲ್ಲಿಂದ ಹೋಗುವ ತೊಗರಿಯವರೆಗೆ ಎಲ್ಲವೂ ರಸ್ತೆಯ ಮೇಲೆ, ಡೀಸೆಲ್ಲಿನ ಮೇಲೆ ಓಡಾಡುತ್ತದೆ.

ಎರಡನೆಯ ಸಂಗತಿ, ನಮ್ಮದು ಕಾಡಿಲ್ಲದ ನಾಡು. ಎರಿ ಭೂಮಿ ಕಣ್ಣು ಹಾಯುವವರೆಗೆ ಬಯಲು. ಮಲೆನಾಡಿನವರಂತೆ ಒಣಗಿದ ಕೊಂಬೆ ಆಯ್ದು ತರಲು ನಮ್ಮಲ್ಲಿ ಗುಡ್ಡವಿಲ್ಲ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು, ಜಾಲಿಕಂಟಿ ಇವೇ ಒಲೆಯ ಆಹಾರ. ಮಳೆ ಹೋದ ವರ್ಷ ಜೋಳವಷ್ಟೇ ಅಲ್ಲ, ತೊಗರಿಕಟ್ಟಿಗೆಯೂ ಇಲ್ಲ. ಬರಗಾಲದಲ್ಲಿ ಹಿಟ್ಟಿಗೆ ತಾಪತ್ರಯವಾದಷ್ಟೇ ಒಲೆಗೂ ತಾಪತ್ರಯ ಎನ್ನುವುದು ಗೆಜೆಟಿಯರ್ ಓದಿದವರಿಗೆ ಹೊಳೆಯಲಿಕ್ಕಿಲ್ಲ, ರೊಟ್ಟಿ ಬಡಿದವರಿಗೆ ಗೊತ್ತು.

ಇಂಥ ಊರುಗಳಿಗೆ ಚಿಮಣಿ ಎಣ್ಣೆ ಬಂದದ್ದು ದೊಡ್ಡ ಘಟನೆ. ಅದಕ್ಕೆ ಮೊದಲು ದೀಪಕ್ಕೆ ಔಡಲೆಣ್ಣೆ, ಕುಸುಬಿ ಎಣ್ಣೆ. ಅವು ನಮ್ಮ ಹೊಲದಲ್ಲಿ ಬೆಳೆದು ನಮ್ಮೂರ ಗಾಣದಲ್ಲಿ ಇಳಿದವು. ಅವುಗಳ ಬೆಲೆಯನ್ನು ಮಳೆ ನಿರ್ಧರಿಸುತ್ತಿತ್ತೇ ಹೊರತು ಮಂತ್ರಿಯಲ್ಲ. ಚಿಮಣಿ ಎಣ್ಣೆ ಅಗ್ಗವಾಗಿತ್ತು, ಬೆಳಕೂ ಹೆಚ್ಚು. ಅದು ತುಂಬಿ ಬಂದ ಚೌಕದ ತಗಡಿನ ಡಬ್ಬಿ ಆಮೇಲೆ ನೀರಿಗೋ ಕಾಳಿಗೋ ಆಗುತ್ತಿತ್ತು. ಗಾಣ ಹಿಂದೆ ಸರಿದದ್ದು ಯಾರ ಗಮನಕ್ಕೂ ಬರಲಿಲ್ಲ. ಗಮನಕ್ಕೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಹಿಂದುಸ್ತಾನಕ್ಕೆ ಬರುತ್ತಿದ್ದ ಚಿಮಣಿ ಎಣ್ಣೆಯ ದೊಡ್ಡ ಪಾಲು ಬರ್ಮಾದ ಬಾವಿಗಳದು. 1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ಬ್ರಿಟಿಷರೇ ಆ ಬಾವಿಗಳನ್ನು ಹಾಳುಗೆಡವಿ ಹಿಂದೆ ಸರಿದರು. ಇಲ್ಲಿ ಎಣ್ಣೆಗೆ ರೇಷನ್ ಬಂತು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಬಸ್ಸು ಓಡಿಸಿದರು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕುತ್ತಿದ್ದರಂತೆ. ಎಲ್ಲೋ ದೂರದ ಯುದ್ಧ ನಮ್ಮ ದೀಪ ಆರಿಸಬಲ್ಲದು ಎಂಬ ಪಾಠವನ್ನು ನಮ್ಮ ಅಜ್ಜಿಯರು ಕಲಿತದ್ದು ಆಗ.

ಸ್ವತಂತ್ರ ಭಾರತದ ಸರಕಾರಗಳು ಈ ಪಾಠವನ್ನು ಮರೆತಿರಲಿಲ್ಲ ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. 1973ರ ಪೆಟ್ಟಿನ ಮೇಲೆ ಎಸ್ಸೊ, ಬರ್ಮಾ ಶೆಲ್, ಕ್ಯಾಲ್ಟೆಕ್ಸ್ ಎಂಬ ವಿದೇಶಿ ಕಂಪನಿಗಳನ್ನು ಒಂದೊಂದಾಗಿ ಸರಕಾರ ತನ್ನ ಕೈಗೆ ತೆಗೆದುಕೊಂಡಿತು. ಬೆಲೆಯನ್ನು ಸರಕಾರವೇ ಗೊತ್ತುಮಾಡುವ ಪದ್ಧತಿ ಬಂತು. ಪೆಟ್ರೋಲು ಕಾರಿನವರದು, ಅವರು ಹೆಚ್ಚು ಕೊಡಲಿ. ಚಿಮಣಿ ಎಣ್ಣೆ ಗುಡಿಸಲಿನವರದು, ಅವರು ಕಡಿಮೆ ಕೊಡಲಿ. ಲೆಕ್ಕ ಇಷ್ಟು ಸರಳವಾಗಿತ್ತು. ಅದರಲ್ಲಿ ತಪ್ಪುಗಳಿದ್ದವು. ಅಗ್ಗದ ಚಿಮಣಿ ಎಣ್ಣೆ ಡೀಸೆಲ್ಲಿಗೆ ಬೆರೆಯಿತು, ಕಾಳಸಂತೆಗೆ ಹೋಯಿತು. ಆದರೂ ಬೆಲೆ ಏರಿಸಿದವನಿಗೆ ಒಂದು ಹೆಸರಿತ್ತು, ಒಂದು ಮುಖವಿತ್ತು. ಬೈಯಬೇಕೆಂದರೆ ಯಾರನ್ನು ಬೈಯಬೇಕೆಂದು ಗೊತ್ತಿತ್ತು.

1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಅಕ್ಟೋಬರಿನಲ್ಲಿ ವಿ. ಪಿ. ಸಿಂಗ್ ಸರಕಾರ ಪೆಟ್ರೋಲಿಯಂ ಬೆಲೆಯ ಮೇಲೆ ಶೇಕಡಾ 25ರ ‘ಕೊಲ್ಲಿ ಸರ್ಚಾರ್ಜ್’ ಹಾಕಿತು. ನಾನಾಗ ಕಾಲೇಜಿನಲ್ಲಿದ್ದೆ. ರೇಷನ್ ಅಂಗಡಿಯ ಮುಂದೆ ಕ್ಯಾನುಗಳನ್ನು ಸಾಲಾಗಿ ಇಟ್ಟು, ಪ್ರತಿ ಕ್ಯಾನಿಗೆ ಗುರುತಿಗೆಂದು ಒಂದು ಕಲ್ಲು ಹೇರಿ, ಹೆಂಗಸರು ನೆರಳಿಗೆ ಕೂಡುತ್ತಿದ್ದರು. ಮರುವರ್ಷ ದೇಶದ ಬೊಕ್ಕಸದಲ್ಲಿ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ವಿದೇಶಿ ಹಣ ಉಳಿದು ಚಿನ್ನ ಒತ್ತೆಯಿಡಬೇಕಾಯಿತು. ಬೀರುವಿನ ಬಂಗಾರ ಅಡವಿಟ್ಟು ಬೀಜ ತರುವ ಮನೆಗಳ ಹೆಂಗಸರಿಗೆ ಅದನ್ನು ಯಾವ ಅರ್ಥಶಾಸ್ತ್ರಜ್ಞನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿಂದ ಮುಂದೆ ಬೆಲೆಯ ಹಗ್ಗ ಮಂತ್ರಿಗಳ ಕೈಯಿಂದ ಮೆಲ್ಲಗೆ ಸಡಿಲವಾಯಿತು. ಸರಕಾರವೇ ಬೆಲೆ ಗೊತ್ತುಮಾಡುವ ಪದ್ಧತಿ 2002ರ ಏಪ್ರಿಲ್ 1ರಿಂದ ಕೊನೆಗೊಂಡಿತು. ಆಗ ಪ್ರಧಾನಿ ಯಾರೆಂದರೆ 1973ರಲ್ಲಿ ಎತ್ತಿನ ಗಾಡಿ ಹತ್ತಿದ್ದ ವಾಜಪೇಯಿಯವರೇ. ಕಾಗದದ ಮೇಲೆ ಮುಗಿದರೂ ಕೆಲವು ವರ್ಷ ಸರಕಾರದ ಮಾತು ನಡೆಯುತ್ತಲೇ ಇತ್ತು. 2010ರ ಜೂನಿನಲ್ಲಿ ಮನಮೋಹನ ಸಿಂಗರ ಸರಕಾರ ಪೆಟ್ರೋಲನ್ನು ಪೂರ್ತಿ ಬಿಟ್ಟಿತು. 2014ರ ಅಕ್ಟೋಬರಿನಲ್ಲಿ ನರೇಂದ್ರ ಮೋದಿಯವರ ಸರಕಾರ ಡೀಸೆಲ್ಲನ್ನು ಬಿಟ್ಟಿತು. 2017ರ ಜೂನ್ 16ರಿಂದ ದಿನವೂ ಬೆಳಗ್ಗೆ ಬೆಲೆ ಬದಲಾಗುವ ಏರ್ಪಾಡು ಬಂತು. ಪಕ್ಷಗಳು ಬೇರೆ, ಹಾದಿ ಒಂದೇ. ಈಗ ಬೆಲೆ ಏರಿತೆಂದರೆ ಉತ್ತರ ಸಿದ್ಧವಾಗಿರುತ್ತದೆ: ನಮ್ಮ ಕೈಯಲ್ಲಿಲ್ಲ, ಅಂತರರಾಷ್ಟ್ರೀಯ ಮಾರುಕಟ್ಟೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುವಾಗ ಆ ಉತ್ತರ ಅರ್ಧ ನಿಜ.

ಈ ನಡುವೆ ನಮ್ಮ ಕರ್ನಾಟಕದವರೇ ಆದ ವೀರಪ್ಪ ಮೊಯಿಲಿಯವರು ಪೆಟ್ರೋಲಿಯಂ ಮಂತ್ರಿಯಾಗಿದ್ದರು. 2013ರ ಅಕ್ಟೋಬರಿನಲ್ಲಿ ಅವರು ಬುಧವಾರಕ್ಕೊಮ್ಮೆ ಕಾರು ಬಿಟ್ಟು ದಿಲ್ಲಿಯ ಮೆಟ್ರೋ ರೈಲು ಹತ್ತಿದರು. ತಮ್ಮ ಇಲಾಖೆಯವರಿಗೂ ಬುಧವಾರ ಬಸ್ಸಿನ ದಿನ ಎಂದು ಹೇಳಿದರು. ಉದ್ದೇಶವನ್ನು ನಾನು ಹಳಿಯುವುದಿಲ್ಲ. ಆದರೆ ಅದೇ ವರ್ಷದ ಜನವರಿಯಲ್ಲಿ ಸಗಟಾಗಿ ಡೀಸೆಲ್ ಕೊಳ್ಳುವವರಿಗೆ ರಿಯಾಯಿತಿ ನಿಂತು, ಲೀಟರಿಗೆ ಸುಮಾರು 10 ರೂಪಾಯಿ ಹೆಚ್ಚು ಬಿದ್ದಿತ್ತು. ಸಗಟು ಕೊಳ್ಳುವವರು ಎಂದರೆ ಸಿರಿವಂತರೇನೂ ಅಲ್ಲ. ಸರಕಾರಿ ಬಸ್ ಸಂಸ್ಥೆಗಳೂ ಅದರಲ್ಲಿದ್ದವು. ಕಾರಿನ ಒಡೆಯನಿಗೆ ಪಂಪಿನಲ್ಲಿ ಕಡಿಮೆ ಬೆಲೆ, ಐವತ್ತು ಜನರನ್ನು ಹೊತ್ತ ಬಸ್ಸಿಗೆ ಡಿಪೋದಲ್ಲಿ ಹೆಚ್ಚಿನ ಬೆಲೆ. ಹಲವು ರಾಜ್ಯಗಳಲ್ಲಿ ಸರಕಾರಿ ಬಸ್ಸುಗಳು ಖಾಸಗಿ ಪಂಪಿನ ಮುಂದೆ ಸಾಲು ನಿಂತವು. ವಾರಕ್ಕೊಂದು ಬಸ್ಸಿನ ದಿನ ಆಚರಿಸಿದ ಇಲಾಖೆ, ವಾರದ ಏಳು ದಿನವೂ ಬಸ್ಸಿನ ದಿನವೇ ಆಗಿರುವ ಊರುಗಳನ್ನು ಲೆಕ್ಕದಲ್ಲಿ ಹಿಡಿಯಲಿಲ್ಲ.

ಇನ್ನು 2020. ಕೊರೋನಾದ ಏಪ್ರಿಲ್ ತಿಂಗಳಲ್ಲಿ ಭಾರತ ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆ ಪೀಪಾಯಿಗೆ 20 ಡಾಲರಿಗೂ ಕೆಳಗಿಳಿದಿತ್ತು. ಮಾರುಕಟ್ಟೆಯೇ ಬೆಲೆ ಗೊತ್ತುಮಾಡುವುದಾದರೆ ಆಗ ನಮಗೆ ಅಗ್ಗವಾಗಬೇಕಿತ್ತು. ಕೇಂದ್ರ ಸರಕಾರ ಮಾರ್ಚಿನಲ್ಲಿ ಒಮ್ಮೆ ಸುಂಕ ಏರಿಸಿತ್ತು. ಮೇ 5ರ ರಾತ್ರಿ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಮತ್ತೆ ಏರಿಸಿತು. 2014ರ ಮೇ ತಿಂಗಳಲ್ಲಿ ಲೀಟರ್ ಡೀಸೆಲ್ಲಿಗೆ 3 ರೂಪಾಯಿ 56 ಪೈಸೆ ಇದ್ದ ಕೇಂದ್ರದ ಸುಂಕ ಈಗ 31 ರೂಪಾಯಿ 83 ಪೈಸೆಯಾಯಿತು. ಆ ದಿನಗಳಲ್ಲಿ ಮುಂಬಯಿ, ಪುಣೆ, ಗೋವೆಗೆ ದುಡಿಯಲು ಹೋಗಿದ್ದ ನಮ್ಮ ತಾಂಡಾಗಳ ಜನ ಸಿಕ್ಕ ಲಾರಿ ಹಿಡಿದು, ಇಲ್ಲದಿದ್ದರೆ ನಡೆದು ಊರು ಸೇರುತ್ತಿದ್ದರು. ಸರಕಾರಕ್ಕೂ ಆಗ ಹಣದ ಅಡಚಣೆಯಿತ್ತು, ಉಚಿತ ಧಾನ್ಯ ಕೊಡಬೇಕಿತ್ತು, ಒಪ್ಪೋಣ. ಆದರೆ ಪೇಟೆಯಲ್ಲಿ ಬೆಲೆ ಏರಿದರೆ ನಮ್ಮ ಮೇಲೆ, ಇಳಿದರೆ ಬೊಕ್ಕಸಕ್ಕೆ ಎನ್ನುವ ನಿಯಮ ಆ ರಾತ್ರಿ ಸ್ಪಷ್ಟವಾಯಿತು.

ಎಣ್ಣೆ ಪೇಟೆ ಚೇತರಿಸಿಕೊಂಡಿತು, ಸುಂಕ ಮಾತ್ರ ಇಳಿಯಲಿಲ್ಲ. 2021ರ ಜೂನಿನಲ್ಲಿ ಕರ್ನಾಟಕದಲ್ಲಿ ಪೆಟ್ರೋಲು 100 ದಾಟಿತು. ಕಾಂಗ್ರೆಸ್ಸಿನವರು ಪಂಪುಗಳ ಮುಂದೆ ‘100 ನಾಟೌಟ್’ ಎಂದು ಪ್ರತಿಭಟಿಸಿದರು. ಇದೇ ಹೊತ್ತಿನಲ್ಲಿ ಸಿಂದಗಿಗೆ ಉಪಚುನಾವಣೆ ಬಂತು. ಆ ವರ್ಷದ ಜನವರಿಯಲ್ಲಿ ಜನತಾದಳದ ಶಾಸಕ ಎಂ. ಸಿ. ಮನಗೂಳಿಯವರು ತೀರಿಕೊಂಡಿದ್ದರು. ಅವರ ಮಗ ಅಶೋಕ ಮನಗೂಳಿಯವರು ಕಾಂಗ್ರೆಸ್ಸಿನಿಂದ, ರಮೇಶ ಭೂಸನೂರರು ಭಾರತೀಯ ಜನತಾ ಪಕ್ಷದಿಂದ, ನಾಜಿಯಾ ಅಂಗಡಿಯವರು ಜನತಾದಳದಿಂದ ನಿಂತರು. ಅಕ್ಟೋಬರ್ 30ಕ್ಕೆ ಮತದಾನ. ರಾಜ್ಯದ ಮುಖ್ಯಮಂತ್ರಿ, ಮಾಜಿ ಮುಖ್ಯಮಂತ್ರಿಗಳು, ಮಂತ್ರಿಗಳು ಎಲ್ಲರೂ ನಮ್ಮ ಧೂಳಿಗೆ ಬಂದರು. ರಾಜ್ಯದಲ್ಲಿ ಪೆಟ್ರೋಲು 110 ದಾಟಿತ್ತು, ಡೀಸೆಲ್ಲೂ 100ರ ಗೆರೆ ದಾಟಿತ್ತು. ಬೆಲೆಯ ಮಾತನ್ನು ಒಬ್ಬರು ಎತ್ತಿದರು, ಇನ್ನೊಬ್ಬರು ಬದಿಗೆ ಸರಿಸಿದರು. ನವೆಂಬರ್ 2ಕ್ಕೆ ಎಣಿಕೆಯಾಗಿ ಆಡಳಿತ ಪಕ್ಷದ ಭೂಸನೂರರು ಮೂವತ್ತೊಂದು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದೇ ದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ತವರು ಜಿಲ್ಲೆಯ ಹಾನಗಲ್ಲಿನಲ್ಲಿ ಕಾಂಗ್ರೆಸ್ ಗೆದ್ದಿತು. ದೂರದ ಹಿಮಾಚಲ ಪ್ರದೇಶದಲ್ಲಿ ಆಡಳಿತ ಪಕ್ಷ ಒಂದು ಲೋಕಸಭೆ, ಮೂರು ವಿಧಾನಸಭೆಯ ಸ್ಥಾನಗಳಿಗೆ ನಡೆದ ಉಪಚುನಾವಣೆಗಳಲ್ಲಿ ಎಲ್ಲವನ್ನೂ ಸೋತಿತು. ಅಲ್ಲಿಯ ಮುಖ್ಯಮಂತ್ರಿಯವರೇ ಸೋಲಿನ ಮಾತಿನಲ್ಲಿ ಬೆಲೆಯೇರಿಕೆಯನ್ನು ಹೆಸರಿಸಿದರು.

ಮರುದಿನ, ನವೆಂಬರ್ 3ರ ಸಂಜೆ, ಕೇಂದ್ರ ಸರಕಾರ ಪೆಟ್ರೋಲಿನ ಸುಂಕವನ್ನು 5, ಡೀಸೆಲ್ಲಿನದನ್ನು 10 ರೂಪಾಯಿ ಇಳಿಸಿತು. ಕರ್ನಾಟಕ ಸರಕಾರ ತನ್ನ ಪಾಲಿನಿಂದ ಎರಡಕ್ಕೂ 7 ರೂಪಾಯಿಯಂತೆ ಇಳಿಸಿತು. ದೀಪಾವಳಿಯ ಕೊಡುಗೆ ಎಂದರು. ಸಿಂದಗಿಯವರು ಗೆಲ್ಲಿಸಿದರು, ಹಿಮಾಚಲದವರು ಸೋಲಿಸಿದರು, ಬೆಲೆ ಇಬ್ಬರಿಗೂ ಇಳಿಯಿತು. ನಮ್ಮ ಊರಿನವರ ಮತದ ಮೇಲೆ ನಾನು ತೀರ್ಪು ಕೊಡಲಾರೆ. ಓಟು ಹಾಕುವಾಗ ಮನುಷ್ಯ ಡೀಸೆಲ್ಲೊಂದನ್ನೇ ನೆನೆಯುವುದಿಲ್ಲ. ನೀರು, ಜಾತಿ, ಸತ್ತವರ ಋಣ, ಗೆದ್ದವರಿಂದ ಕೆಲಸವಾಗುತ್ತದೆಂಬ ಆಸೆ, ಎಲ್ಲ ಕೂಡಿರುತ್ತವೆ. ಆದರೆ ಬೆಲೆ ಇಳಿಸಿ ಎಂಬ ನಮ್ಮ ಅರ್ಜಿಯನ್ನು ಹಿಮಾಚಲದವರು ಕೊಟ್ಟು ಬಂದರೆನ್ನುವುದು ನನಗೆ ಈಗಲೂ ಸೋಜಿಗ.

ಇದನ್ನೆಲ್ಲ ಒಮ್ಮೆ ಕರಿಹಲಗೆಯ ಮೇಲೆ ಎರಡು ಸಾಲಾಗಿ ಬರೆದೆ. ಒಂದು ಕಡೆ ಚುನಾವಣೆ, ಇನ್ನೊಂದು ಕಡೆ ಎಣ್ಣೆ. 2018ರ ಮೇ 12ಕ್ಕೆ ಕರ್ನಾಟಕ ವಿಧಾನಸಭೆಯ ಮತದಾನ. ದಿನವೂ ಬದಲಾಗಬೇಕಾದ ಬೆಲೆ ಏಪ್ರಿಲ್ 24ರಿಂದ 19 ದಿನ ಅಲುಗಾಡಲಿಲ್ಲ, ಮೇ 14ರಿಂದ ಏರತೊಡಗಿತು. 2022ರ ಮಾರ್ಚ್ 10ಕ್ಕೆ ಉತ್ತರ ಪ್ರದೇಶ ಮೊದಲಾದ ಐದು ರಾಜ್ಯಗಳ ಎಣಿಕೆ. ಹಿಂದಿನ ನವೆಂಬರಿನಿಂದ 137 ದಿನ ಬೆಲೆ ನಿದ್ದೆ ಮಾಡಿತು. ಮಾರ್ಚ್ 22ಕ್ಕೆ ಎದ್ದು 16 ದಿನಗಳಲ್ಲಿ 10 ರೂಪಾಯಿ ಏರಿತು. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ಘೋಷಣೆ. ಅದರ ಹಿಂದಿನ ದಿನವೇ ಪೆಟ್ರೋಲು, ಡೀಸೆಲ್ಲಿಗೆ 2 ರೂಪಾಯಿ ಇಳಿಕೆ. ಜೂನ್ 4ಕ್ಕೆ ಎಣಿಕೆ ಮುಗಿಯಿತು. ಜೂನ್ 15ಕ್ಕೆ ಕರ್ನಾಟಕ ಸರಕಾರ ತನ್ನ ಮಾರಾಟ ತೆರಿಗೆ ಏರಿಸಿತು, ಪೆಟ್ರೋಲಿಗೂ ಡೀಸೆಲ್ಲಿಗೂ ಸುಮಾರು 3 ರೂಪಾಯಿಯಂತೆ ಹೆಚ್ಚಾಯಿತು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರರು, 2021ರಲ್ಲಿ ಗಾಡಿ ಹತ್ತಿದ್ದವರು. ಈಗ ಬೀದಿಗಿಳಿದು ಪ್ರತಿಭಟಿಸುವ ಸರದಿ ಭಾರತೀಯ ಜನತಾ ಪಕ್ಷದವರದು. ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆಯಿದೆ ಎಂಬುದು ಮುಖ್ಯಮಂತ್ರಿಗಳ ಸಮಜಾಯಿಷಿಯಾಗಿತ್ತು. 2025ರ ಏಪ್ರಿಲ್ 1ರಿಂದ ಡೀಸೆಲ್ಲಿನ ತೆರಿಗೆ ಮತ್ತೆ ಏರಿ 2 ರೂಪಾಯಿ ಹೆಚ್ಚಾಯಿತು.

ಹಲಗೆಯನ್ನು ನೋಡಿ ಒಬ್ಬ ಹುಡುಗ ಅಂದ: “ಹಂಗಾದ್ರ ವರ್ಷಾ ವರ್ಷಾ ಎಲೆಕ್ಷನ್ ಇಡಬೇಕ್ರಿ ಅಕ್ಕೋರ.” ಚುನಾವಣೆ ಎದುರಿಗಿಲ್ಲದಾಗಲೂ ಬೆಲೆ ಇಳಿಸಿದ್ದುಂಟು ಎಂದು ನಾನು ತಿದ್ದಿದೆ. 2022ರ ಮೇ 21ರಂದು ಕೇಂದ್ರ ಸರಕಾರ ಪೆಟ್ರೋಲಿಗೆ 8, ಡೀಸೆಲ್ಲಿಗೆ 6 ರೂಪಾಯಿ ಸುಂಕ ಇಳಿಸಿತ್ತು. 2018ರ ಸೆಪ್ಟೆಂಬರಿನಲ್ಲಿ ಕುಮಾರಸ್ವಾಮಿಯವರು ಕಲಬುರಗಿಯಲ್ಲಿ 2 ರೂಪಾಯಿ ಇಳಿಕೆ ಘೋಷಿಸಿದ್ದರು. ಸಾಲಮನ್ನಾದ ಬಜೆಟ್ಟಿನಲ್ಲಿ ತಾವೇ ಏರಿಸಿದ ಮೇಲೆ ಎನ್ನಿ. ಅಪವಾದಗಳನ್ನು ಬಿಟ್ಟು ನೋಡಿದರೂ ಹಲಗೆಯ ಮೇಲಿನ ಸಾಲುಗಳು ಏನನ್ನೋ ಹೇಳುತ್ತವೆ. ನಮ್ಮ ಕಟ್ಟೆಯ ಮಾತು ತಪ್ಪು. ಎಣ್ಣೆಯ ಬೆಲೆ ಎಲ್ಲಿ ಚುಚ್ಚುತ್ತದೆ, ಯಾವಾಗ ಚುಚ್ಚುತ್ತದೆ ಎಂದು ಪುಢಾರಿಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು 19 ದಿನ ಬೆಲೆ ಹಿಡಿದು ನಿಲ್ಲಿಸುತ್ತಿರಲಿಲ್ಲ. ಬೆಲೆ ನಮ್ಮ ಕೈಯಲ್ಲಿಲ್ಲ ಎನ್ನುವ ಉತ್ತರದ ಉಳಿದರ್ಧ ಇಲ್ಲಿದೆ.

ಅವರ ತಿಳಿವಳಿಕೆ ಮುಟ್ಟದಿರುವ ಜಾಗ ಬೇರೆ. ಬೆಲೆ ಪಂಪಿನಿಂದ ಹೊರಟು ಎಲ್ಲೆಲ್ಲಿ ಹಾಯ್ದು ಎಲ್ಲಿ ನಿಲ್ಲುತ್ತದೆ ಎನ್ನುವುದು. ನಮ್ಮ ಕಡೆ ಈಗ ಜೋಡೆತ್ತು ಕಟ್ಟುವ ಮನೆಗಳು ಕಡಿಮೆ. ಕಾರಹುಣ್ಣಿಮೆಗೆ ಕರಿ ಹರಿಯಲು ಓಣಿಯಲ್ಲಿ ಎತ್ತು ಹುಡುಕಬೇಕು. ಎರಡೆಕರೆಯವನೂ ಟ್ರ್ಯಾಕ್ಟರ್ ಬಾಡಿಗೆಗೆ ಕರೆದು ರಂಟೆ ಹೊಡೆಸುತ್ತಾನೆ, ರಾಶಿಯನ್ನು ಮಷಿನ್ನಿಗೆ ಕೊಡುತ್ತಾನೆ. ಡೀಸೆಲ್ ಏರಿದರೆ ಬಾಡಿಗೆ ಏರುತ್ತದೆ, ಎತ್ತಿಗೆ ಮರಳೋಣವೆಂದರೆ ಕೊಟ್ಟಿಗೆಯೂ ಇಲ್ಲ, ಮೇವೂ ಇಲ್ಲ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಸಂತೋಷ. ಬರದ ವರ್ಷಗಳಲ್ಲಿ ಅದೇ ನಿಂಬೆಯ ಗಿಡಗಳನ್ನು ಟ್ಯಾಂಕರಿನಲ್ಲಿ ನೀರು ತಂದು ಸುರಿದು ಬದುಕಿಸಿಕೊಂಡರು. ಆ ಟ್ಯಾಂಕರು ಓಡಿದ್ದು ಡೀಸೆಲ್ಲಿನಿಂದ, ಹಣ್ಣು ಪೇಟೆ ಸೇರುವುದೂ ಡೀಸೆಲ್ಲಿನಿಂದ. ಪೇಟೆಯಲ್ಲಿ ದರ ಹೇಳುವವನು ಮಾತ್ರ ಅದನ್ನು ಕೇಳುವುದಿಲ್ಲ. ಲಾರಿಯವನು ತನ್ನ ಏರಿಕೆಯನ್ನು ಅಂಗಡಿಯವನಿಗೆ ದಾಟಿಸುತ್ತಾನೆ, ಅಂಗಡಿಯವನು ಗಿರಾಕಿಗೆ ದಾಟಿಸುತ್ತಾನೆ. ದಾಟಿಸಲು ಮುಂದೆ ಯಾರೂ ಇಲ್ಲದವರು ಇಬ್ಬರೇ, ಬೆಲೆ ತಾನು ಕಟ್ಟಲಾರದ ರೈತ ಮತ್ತು ಕೂಲಿ ತಾನು ಕಟ್ಟಲಾರದ ಕೂಲಿಯವಳು. ಸ್ವಂತಕ್ಕೆ ಸೈಕಲ್ಲೂ ಇಲ್ಲದ ಮುದುಕಿಯೂ ಡೀಸೆಲ್ಲಿನ ತೆರಿಗೆ ಕಟ್ಟುತ್ತಿದ್ದಾಳೆ. ಅವಳ ಹೆಸರಿನಲ್ಲಿ ರಸೀದಿ ಬರುವುದಿಲ್ಲ, ಅಷ್ಟೇ.

ನನ್ನ ಕಣ್ಣೆದುರಿನ ಲೆಕ್ಕ ಟಂಟಂನದು. ಎಣ್ಣೆ ಪೈಸೆಯಲ್ಲಿ ಏರುತ್ತದೆ, ಟಂಟಂ ಬಾಡಿಗೆ ಐದು ರೂಪಾಯಿಯಲ್ಲಿ ಏರುತ್ತದೆ, ಚಿಲ್ಲರೆಯ ತೊಂದರೆಗಾಗಿ. ಹತ್ತು ಇದ್ದದ್ದು ಹದಿನೈದಾದರೆ ಹೋಗಿ ಬರಲು ದಿನಕ್ಕೆ ಹತ್ತು ಹೆಚ್ಚು, ತಿಂಗಳಲ್ಲಿ 25 ದಿನ ಶಾಲೆಯೆಂದರೆ 250 ರೂಪಾಯಿ. ಮನೆಯಲ್ಲಿ ಓದುವವರು ಇಬ್ಬರಿದ್ದರೆ 500. ಆಗ ಯಾರನ್ನು ಬಿಡಿಸುತ್ತಾರೆ ಎಂದು ಹೇಳಲು ಬಿಎಡ್ ಮಾಡಿರಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಮೊದಲು ವಾರಕ್ಕೆರಡು ಗೈರು, ಆಮೇಲೆ ನಾಲ್ಕು, ಕೊನೆಗೆ ಅವಳ ಮದುವೆಯ ಸುದ್ದಿ. ಕಾರಣದ ಕಾಲಂನಲ್ಲಿ ಯಾರೂ ಡೀಸೆಲ್ ಎಂದು ಬರೆಯುವುದಿಲ್ಲ. ದೀಪಾವಳಿಗೆ ಡೀಸೆಲ್ 17 ರೂಪಾಯಿಗೂ ಹೆಚ್ಚು ಇಳಿದಾಗ ಟಂಟಂನವನನ್ನು ಕೇಳಿದೆ. “ಟೈರ್ ತುಟ್ಟಿ ಆಗ್ಯಾವ್ರಿ, ಇನ್ಶೂರೆನ್ಸ್ ತುಟ್ಟಿ ಆಗ್ಯಾದ್ರಿ, ನಾಳೆ ಮತ್ತ ಏರ್ಸಿದ್ರ ನಾ ಏನ್ ಮಾಡ್ಲಿ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಏರಿಸಿಯೇ ಬಿಟ್ಟರು.

ಹಾಗೆಂದು ಏನೂ ಆಗಿಲ್ಲ ಎನ್ನಲಾರೆ. 2023ರ ಜೂನ್ 11ರಂದು ಕರ್ನಾಟಕ ಸರಕಾರ ಶಕ್ತಿ ಯೋಜನೆ ತಂದು ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟು ಇಲ್ಲದಂತೆ ಮಾಡಿತು. ಬಸ್ಸು ಬರುವ ಊರುಗಳ ಹುಡುಗಿಯರ ಗೈರು ಕಡಿಮೆಯಾದದ್ದನ್ನು ನನ್ನ ತರಗತಿಯಲ್ಲಿ ನಾನೇ ಕಂಡೆ. ಕೂಲಿಗೆ ಹೋಗುವ ತಾಯಂದಿರು ಬೇರೆ ಊರಿನ ಹೊಲಕ್ಕೂ ಧೈರ್ಯವಾಗಿ ಹೊರಟರು. ಬಸ್ಸು ಬಾರದ ತಾಂಡಾಗಳಲ್ಲಿ ಅದೇ ಟಂಟಂ. ತೆರಿಗೆಯಿಲ್ಲದೆ ಇಂಥ ಯೋಜನೆ ನಡೆಯುವುದಿಲ್ಲ ಎಂಬುದನ್ನೂ ನಾನು ಬಲ್ಲೆ. 2012ರ ಸೆಪ್ಟೆಂಬರಿನಲ್ಲಿ ಡೀಸೆಲ್ ಏರಿಸಿ, ವರ್ಷಕ್ಕೆ ಆರೇ ಸಿಲಿಂಡರಿಗೆ ರಿಯಾಯಿತಿ ಎಂದಾಗ ಮನಮೋಹನ ಸಿಂಗರು ಹಣ ಮರದಲ್ಲಿ ಬೆಳೆಯುವುದಿಲ್ಲ ಎಂದಿದ್ದರು. ಜನ ಅವರನ್ನು ಆಡಿಕೊಂಡರು. ಮಾತೇನೋ ನಿಜವಾಗಿತ್ತು. ಯಾರ ಮರದಿಂದ ಎಷ್ಟು ಕೀಳಬೇಕು ಎನ್ನುವುದಷ್ಟೇ ಜಗಳ. ಆದಾಯ ತೆರಿಗೆ ಗಳಿಸುವವನನ್ನು ಕೇಳಿ ಕೀಳುತ್ತದೆ. ಎಣ್ಣೆಯ ತೆರಿಗೆ ಯಾರನ್ನೂ ಕೇಳುವುದಿಲ್ಲ, ಲೀಟರನ್ನಷ್ಟೇ ನೋಡುತ್ತದೆ. ವಸೂಲಿಗೆ ಬಲು ಸುಲಭ. ಎಲ್ಲ ಪಕ್ಷಗಳಿಗೂ ಅದು ಪ್ರಿಯವಾದದ್ದು ಆ ಕಾರಣಕ್ಕೆ.

ಬಾಗೇವಾಡಿ ಬಸವಣ್ಣನವರ ಊರು. ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವರು. ದಾಸೋಹದ ಮಾತು ಆಡಿದವರು ಬೊಕ್ಕಸದ ಲೆಕ್ಕವನ್ನೂ ಬರೆದವರೇ. ಕೂಡಿಸುವಾಗಿನ ಲೆಕ್ಕ ಮತ್ತು ಹಂಚುವಾಗಿನ ಲೆಕ್ಕ ಒಬ್ಬರ ಕೈಯಲ್ಲೇ ಇರಬಹುದು ಎಂಬುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಇಂದಿನ ಭಂಡಾರಿಗಳಿಂದ ನಾನು ದೊಡ್ಡದೇನನ್ನೂ ಬೇಡುವುದಿಲ್ಲ. ಪೇಟೆಯಲ್ಲಿ ತೈಲ ಇಷ್ಟು ಇಳಿದರೆ ತೆರಿಗೆಯಲ್ಲಿ ಇಷ್ಟನ್ನು ಜನಕ್ಕೆ ಬಿಡುತ್ತೇವೆ, ಇಷ್ಟು ಏರಿದರೆ ಇಷ್ಟನ್ನು ನಾವು ಹೊರುತ್ತೇವೆ ಎಂದು ಚುನಾವಣೆಗೆ ಸಂಬಂಧವಿಲ್ಲದ ಒಂದು ನಿಯಮ ಬರೆದು ಪ್ರಕಟಿಸಲಿ. ಮುಂಜಾನೆ ಶಾಲೆಯ ವೇಳೆಗೆ, ಸಂಜೆ ಕೂಲಿ ಬಿಡುವ ವೇಳೆಗೆ ಪ್ರತಿ ತಾಂಡಾಕ್ಕೂ ಒಂದು ಬಸ್ಸು ಬರಲಿ. ಐವತ್ತು ಜನ ಹಂಚಿಕೊಂಡ ಲೀಟರಿಗಿಂತ ಅಗ್ಗದ ಲೀಟರು ಜಗತ್ತಿನಲ್ಲಿಲ್ಲ.

ನಮ್ಮ ಕೆಲಸವೂ ಸ್ವಲ್ಪವಿದೆ. ಮತ ಕೇಳಲು ಬಂದವರಿಗೆ ಬೆಲೆ ಇಳಿಸುತ್ತೀರಾ ಎಂದು ಕೇಳುತ್ತ ಬಂದಿದ್ದೇವೆ. ಇಳಿಸುತ್ತೇವೆ ಎನ್ನುತ್ತಾರೆ, ಆ ತಿಂಗಳು ಇಳಿಸುತ್ತಾರೆ ಕೂಡ. ಇನ್ನು ಮೇಲೆ ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ, ಮುದ್ದೇಬಿಹಾಳ, ಬಾಗೇವಾಡಿಯಲ್ಲಾಗಲಿ, ಕೈಮುಗಿದು ನಿಂತವರನ್ನು ಗೆದ್ದ ಎರಡನೆಯ ವರ್ಷದ ಬೆಲೆ ಕೇಳೋಣ. ಆ ವರ್ಷ ಮತದಾನ ಇರುವುದಿಲ್ಲ. ನಮ್ಮ ಹುಡುಗಿಯರಿಗೆ ಆ ವರ್ಷವೂ ಶಾಲೆ ಇರುತ್ತದೆ.